ಅಯೋವಾ ಯೂನಿವರ್ಸಿಟಿಯ ವಿಶುವಲ್ ಆರ್ಟ್ಸ್ ಬಿಲ್ಡಿಂಗ್: ಮೆಟ್ಟಿಲಿಗೆ ಇಷ್ಟು ಜಾಗ ಬಿಟ್ಟಿರೋ ಕಟ್ಟಡ ನಾನು ನೋಡಿಲ್ಲ

ಅಮೆರಿಕದಲ್ಲಿ ನಾನು ನೋಡಿರೋ ಆರ್ಟ್ ಕಾಲೇಜು ಕಟ್ಟಡಗಳಲ್ಲಿ ಹೊರಗಿಂದ ಚೆಂದ ಕಾಣೋವು ಬೇಕಾದಷ್ಟಿವೆ, ಆದ್ರೆ ಒಳಗೆ ರಾತ್ರಿ ಹನ್ನೊಂದರ ತನಕ ಕೈಗೆ ಮಣ್ಣು ಮೆತ್ಕೊಂಡು ಕೂತಿರೋ ಹುಡುಗೀನ, ಇಂಕ್ ರೋಲರ್ ಹಿಡ್ಕೊಂಡು ಓಡಾಡೋ ಹುಡುಗನ್ನ ನೆನೆಸ್ಕೊಂಡು ಕಟ್ಟಿದಾರೆ ಅಂತ ನನಗೆ ನಿಜವಾಗ್ಲೂ ಅನ್ಸಿದ್ದು ಅಯೋವಾ ಸಿಟಿಯ ಈ ವಿಶುವಲ್ ಆರ್ಟ್ಸ್ ಬಿಲ್ಡಿಂಗ್ ನೋಡಿದಾಗ. ಯೂನಿವರ್ಸಿಟಿ ಆಫ್ ಅಯೋವಾ ಕ್ಯಾಂಪಸ್ಸಲ್ಲಿ, ಅಯೋವಾ ನದಿಯ ಪಶ್ಚಿಮದ ಕಡೆ, ರಿವರ್ ಸ್ಟ್ರೀಟಲ್ಲಿದೆ. ಚಿಕಾಗೋದಿಂದ ಐ-80 ಹೈವೇ ಹಿಡಿದ್ರೆ ಮೂರೂವರೆ ಗಂಟೆ ದಾರಿ, ಸೀಡರ್ ರ‍್ಯಾಪಿಡ್ಸಲ್ಲಿ ಕೆಲಸಕ್ಕಿರೋ ನಮ್ಮವ್ರಿಗಂತೂ ಅರ್ಧ ಗಂಟೆ. ಡಿಸೈನ್ ಮಾಡಿದ್ದು ಸ್ಟೀವನ್ ಹೋಲ್ ಅನ್ನೋ ಅಮೆರಿಕನ್ ಆರ್ಕಿಟೆಕ್ಟ್‌ನ ಆಫೀಸು, ಜೊತೆಗೆ ಬಿಎನ್‌ಐಎಂ ಅನ್ನೋ ಅಲ್ಲಿನದೇ ಸೀಮೆಯ ಸಂಸ್ಥೆ. 2016ರಲ್ಲಿ ಓಪನ್ ಆಯ್ತು, ಒಟ್ಟು 1,26,000 ಚದರ ಅಡಿ.

ನಾನು ಆರ್ಕಿಟೆಕ್ಟ್ ಅಲ್ಲ. ಊರಲ್ಲಿ ಶಿಲ್ಪಕಲೆ ಓದಿದವಳು, ಈಗ ಎಕ್ಸಿಬಿಷನ್ ಡಿಸೈನ್ ಕೆಲಸ ಮಾಡ್ತೀನಿ. ಹಾಗಾಗಿ ಗೋಡೆ ಯಾವ ಸ್ಟೈಲು, ಯಾವ ಸ್ಕೂಲು ಅನ್ನೋದಕ್ಕಿಂತ ಆ ಗೋಡೆ ಪಕ್ಕದಲ್ಲಿ ನಿಂತು ಕೆಲಸ ಮಾಡೋಕ್ಕಾಗತ್ತಾ, ಪಕ್ಕದವ್ರು ಏನು ಮಾಡ್ತಿದಾರೆ ಅಂತ ಕಾಣತ್ತಾ, ಯಾರಾದ್ರೂ ಬಂದು "ಏನಿದು?" ಅಂತ ಕೇಳೋ ಹಾಗಿದೆಯಾ, ಇದನ್ನೇ ನೋಡ್ತೀನಿ. ಫ್ರೆಂಡಿನ ಮಗಳು ಅಲ್ಲಿ ಪ್ರಿಂಟ್‌ಮೇಕಿಂಗ್ (ಅಚ್ಚೊತ್ತಿ ಚಿತ್ರ ಮಾಡೋ ಕಲೆ) ಓದ್ತಿದಾಳೆ, ಅವಳೇ ಒಳಗೆಲ್ಲಾ ಕರ್ಕೊಂಡು ಹೋಗಿ ತೋರಿಸಿದ್ದು.

ಈ ಕಟ್ಟಡ ಯಾಕೆ ಬಂತು ಅಂತ ತಿಳಿದ್ರೆ ಯಾಕೆ ಹೀಗಿದೆ ಅನ್ನೋದೂ ಅರ್ಥ ಆಗತ್ತೆ. ಮೊದಲು ಈ ಸ್ಟುಡಿಯೋಗಳಿದ್ದದ್ದು 1936ರ ಹಳೇ ಆರ್ಟ್ ಬಿಲ್ಡಿಂಗಲ್ಲಿ, ಅಯೋವಾ ನದಿಯ ದಡಕ್ಕೆ ಅಂಟಿಕೊಂಡ ಹಾಗೆ. 2008ರ ಜೂನಲ್ಲಿ ದೊಡ್ಡ ಪ್ರವಾಹ ಬಂದು ಆ ಸಾಲಿನಲ್ಲಿದ್ದ ಆರ್ಟ್, ಮ್ಯೂಸಿಕ್, ಥಿಯೇಟರ್ ಎಲ್ಲಕ್ಕೂ ನೀರು ನುಗ್ಗಿತು. ಯೂನಿವರ್ಸಿಟಿಯ ಇಪ್ಪತ್ತಕ್ಕೂ ಹೆಚ್ಚು ಕಟ್ಟಡಗಳಿಗೆ ಏಟು ಬಿತ್ತು. ಯೂನಿವರ್ಸಿಟಿಯ ಆರ್ಟ್ ಮ್ಯೂಸಿಯಂನಲ್ಲಿದ್ದ ಪೇಂಟಿಂಗ್‌ಗಳನ್ನ ನೀರು ಏರೋ ಮೊದಲೇ ಟ್ರಕ್ಕಿಗೆ ಹಾಕಿ ಸಾಗಿಸಿದ್ರು, ಆದ್ರೆ ಪ್ರೆಸ್ಸು, ಕಿಲ್ನು (ಮಣ್ಣು ಸುಡೋ ಭಟ್ಟಿ), ಎರಕದ ಕುಲುಮೆ ಇರೋ ಸ್ಟುಡಿಯೋಗಳನ್ನ ಎಲ್ಲಿಗೆ ಅಂತ ಸಾಗಿಸ್ತೀರಾ? ಕೊನೆಗೆ ಊರಾಚೆ ಹೈವೇ ಪಕ್ಕ ಖಾಲಿ ಬಿದ್ದಿದ್ದ ಮೆನಾರ್ಡ್ಸ್ ಅಂಗಡಿಗೆ ಹೋದ್ರು. ಮೆನಾರ್ಡ್ಸ್ ಅಂದ್ರೆ ಮರ, ಸಿಮೆಂಟು, ನಲ್ಲಿ, ಬಣ್ಣ ಮಾರೋ ದೊಡ್ಡ ಹಾರ್ಡ್‌ವೇರ್ ಸ್ಟೋರು, ಒಂದೇ ಚಾವಣಿ, ಕಿಟಕಿ ಅನ್ನೋದು ಇಲ್ಲವೇ ಇಲ್ಲ ಅನ್ನಬೋದು. ತಾತ್ಕಾಲಿಕ ಅಂತ ಹೋದವ್ರು ಎಂಟು ವರ್ಷ ಅಲ್ಲೇ ಇದ್ರು.

ಈ ಎಂಟು ವರ್ಷದ ವಿಷಯ ನನಗೆ ತುಂಬಾ ಮುಖ್ಯ ಅನ್ಸತ್ತೆ. ಕಿಟಕಿ ಇಲ್ಲ, ಬೆಳಕಿಲ್ಲ, ಕ್ಯಾಂಪಸ್ಸಿಂದ ದೂರ, ಎಲ್ಲಾ ನಿಜ. ಆದ್ರೆ ಹಳೇ ಕಟ್ಟಡದಲ್ಲಿ ಬೇರೆ ಬೇರೆ ರೂಮಲ್ಲಿ ಬಾಗಿಲು ಹಾಕ್ಕೊಂಡು ಕೂತಿದ್ದ ವಿಭಾಗಗಳು ಅಲ್ಲಿ ಒಂದೇ ಸೂರಿನಡಿ ಬಂದ್ವು, ಸೆರಾಮಿಕ್ಸ್‌ನೋರು ಟೀ ಕುಡಿಯೋಕೆ ಹೋಗ್ಬೇಕಾದ್ರೆ ಮೆಟಲ್‌ನೋರ ಟೇಬಲ್ ದಾಟ್ಕೊಂಡೇ ಹೋಗ್ಬೇಕು, ಫೋಟೋಗ್ರಫಿ ಹುಡುಗ್ರು ಹೊರಗೆ ಬಂದ್ರೆ ಶಿಲ್ಪದವ್ರು ವೆಲ್ಡಿಂಗ್ ಮಾಡ್ತಿರೋದು ಕಣ್ಣಿಗೆ ಬೀಳಲೇಬೇಕು. ಹೊಸ ಕಟ್ಟಡದಲ್ಲಿ ಒಂದೊಂದು ವಿಭಾಗಕ್ಕೂ ಒಂದೊಂದು ಬೇರೆ ರೆಕ್ಕೆ ಕಟ್ಟಿ ಮತ್ತೆ ಹಳೇ ದಾರಿಗೇ ಹೋಗಬೋದಿತ್ತು. ಹಾಗೆ ಮಾಡಲಿಲ್ಲ. ಅಂಗಡಿಯಲ್ಲಿ ಅನಿವಾರ್ಯವಾಗಿ ಸಿಕ್ಕಿದ್ದ ಆ ಒಟ್ಟಿಗಿರೋದನ್ನ ಇಟ್ಕೊಂಡು, ಅಂಗಡಿಯಲ್ಲಿ ಸಿಗದೇ ಇದ್ದ ಬೆಳಕನ್ನ ಸೇರಿಸಿದ್ರು ಅಂತ ನಾನು ಓದ್ಕೊಳ್ತೀನಿ ಈ ಕಟ್ಟಡಾನ.

ಇನ್ನೊಂದು ಮಾತು, ಒಬ್ಬರ ಕೆಲಸ ಇನ್ನೊಬ್ಬರ ಕೆಲಸದೊಳಗೆ ಬೆರೆಯೋದು ಈ ಯೂನಿವರ್ಸಿಟಿಗೆ ಹೊಸದೇನಲ್ಲ. ಥೀಸಿಸ್ ಬದಲು ಕಲಾಕೃತೀನೋ ಕವಿತೆಗಳನ್ನೋ ಕೊಟ್ಟು ಸ್ನಾತಕೋತ್ತರ ಪದವಿ ತಗೋಬೋದು ಅಂತ ಇವ್ರು 1922ರಲ್ಲೇ ಒಪ್ಪಿದ್ರು, ಆಗ ಅದು ದೊಡ್ಡ ವಿಷಯ. 1940ರಲ್ಲಿ ಎಲಿಜಬೆತ್ ಕ್ಯಾಟ್ಲೆಟ್ ಇಲ್ಲಿ ಶಿಲ್ಪಕಲೆಯಲ್ಲಿ ಎಂಎಫ್ಎ (ಕಲೆಯ ಸ್ನಾತಕೋತ್ತರ ಪದವಿ) ಮಾಡಿದ್ರು. ಆ ಡಿಗ್ರಿ ಪಡೆದ ಮೊದಲ ಕೆಲವರಲ್ಲಿ ಒಬ್ರು ಆಕೆ, ಕಪ್ಪು ಹೆಣ್ಣುಮಗಳು ಅನ್ನೋ ಕಾರಣಕ್ಕೆ ಹಾಸ್ಟೆಲಲ್ಲಿ ರೂಮು ಕೊಡಲಿಲ್ಲ, ಈಗ ಅದೇ ಯೂನಿವರ್ಸಿಟಿಯ ದೊಡ್ಡ ಹಾಸ್ಟೆಲಿಗೆ ಆಕೆಯ ಹೆಸರಿದೆ. ಅರ್ಜೆಂಟೀನಾದಿಂದ ಬಂದ ಮೌರಿಸಿಯೋ ಲಸಾನ್ಸ್ಕಿ 1945ರಿಂದ ಕಟ್ಟಿ ಬೆಳೆಸಿದ ಪ್ರಿಂಟ್ ವರ್ಕ್‌ಶಾಪ್ ಇಡೀ ದೇಶದಲ್ಲಿ ಹೆಸರು ಮಾಡ್ತು. 1968ರಲ್ಲಿ ಹ್ಯಾನ್ಸ್ ಬ್ರೇಡರ್ ಇಂಟರ್‌ಮೀಡಿಯಾ ಅಂತ ಒಂದು ಕೋರ್ಸೇ ಶುರು ಮಾಡಿದ್ರು, ಪೇಂಟಿಂಗು, ನಾಟಕ, ಸಿನಿಮಾ, ದೇಹ ಎಲ್ಲಾ ಕಲೆಸಿ ಕೆಲಸ ಮಾಡೋದಕ್ಕೆ ಅಂತಾನೇ. ಕ್ಯೂಬಾದಿಂದ ಹುಡುಗಿಯಾಗಿ ಬಂದ ಕಲಾವಿದೆ ಅನಾ ಮೆಂಡಿಯೆಟಾ ಅದೇ ಕೋರ್ಸಿನಿಂದ ಬಂದವ್ರು. ಮಾಡೋ ಕೆಲಸ ಮೊದಲಿಂದಾನೂ ಬೆರೆತಿತ್ತು, ಅದಕ್ಕೆ ತಕ್ಕ ಮನೆ ಸಿಕ್ಕಿದ್ದು 2016ರಲ್ಲಿ.

ಸರಿ, ಒಳಗೆ ಹೋಗೋಣ.

ಹೊರಗಿಂದ ನೋಡಿದ್ರೆ ನೀಲಿ-ಹಸಿರು ಬಣ್ಣಕ್ಕೆ ತಿರುಗಿದ ಸತುವಿನ ಹಾಳೆ ಹೊದ್ದ ದೊಡ್ಡ ಪೆಟ್ಟಿಗೆ. ಬಿಸಿಲು ಜಾಸ್ತಿ ಬೀಳೋ ಕಡೆ ತೂತು ತೂತು ಇರೋ ಸ್ಟೀಲ್ ಹಾಳೆ ಇದೆ, ಹಗಲು ಗಟ್ಟಿ ಗೋಡೆ ತರ ಇದ್ದದ್ದು ಸಂಜೆ ಒಳಗೆ ದೀಪ ಹತ್ತಿದ ಮೇಲೆ ತೆಳ್ಳಗಾಗತ್ತೆ, ಹಿಂದಿರೋ ಕಿಟಕಿಗಳೆಲ್ಲಾ ಕಾಣಕ್ಕೆ ಶುರು ಆಗತ್ತೆ. ಮಹಡಿಗಳನ್ನ ಒಂದರ ಮೇಲೊಂದು ಸರಿಯಾಗಿ ಕೂರಿಸಿಲ್ಲ, ಸ್ವಲ್ಪ ಸ್ವಲ್ಪ ಜರುಗಿಸಿದಾರೆ. ಜರುಗಿದ ಕಡೆಯಲ್ಲೆಲ್ಲಾ ಕೆಳಗಿನ ಮಹಡಿಯ ತಾರಸಿ ಮೇಲಿನವ್ರಿಗೆ ಬಾಲ್ಕನಿ ಆಗತ್ತೆ. ಅಲ್ಲಿ ಹೊರಗೆ ನಿಂತು ಕೆಲಸಾನೂ ಮಾಡಬೋದು, ಮಾತೂ ಆಡಬೋದು.

ಆದ್ರೆ ಹೊರಗಿನದ್ದು ಅಷ್ಟೇ ಸಾಕು. ಒಳಗೆ ಕಾಲಿಟ್ಟ ತಕ್ಷಣ ಗೊತ್ತಾಗೋದು ಬೆಳಕು. ಈ ಕಟ್ಟಡದ ಮೈಯಲ್ಲಿ ಏಳು ಕಡೆ ಮೇಲಿಂದ ಕೆಳಗಿನ ತನಕ ಕೊರೆದು ಖಾಲಿ ಬಿಟ್ಟಿದಾರೆ. ನಮ್ಮ ಮಲೆನಾಡಿನ ಕಡೆ, ಮೈಸೂರಿನ ಕಡೆ ಹಳೇ ತೊಟ್ಟಿಮನೆ ನೋಡಿದವ್ರಿಗೆ ಹೇಳೋದಾದ್ರೆ ಏಳು ತೊಟ್ಟಿ ಇರೋ ಮನೆ ಅಂದ್ಕೊಳ್ಳಿ, ಆದ್ರೆ ಒಂದೊಂದು ತೊಟ್ಟಿಯ ಆಕಾರ ಬೇರೆ, ಕೆಲವು ಗಾಜಿನ ಹೊರಗಿವೆ, ಕೆಲವು ಒಳಗಿವೆ. ಇಷ್ಟು ಅಗಲದ ಕಟ್ಟಡ ಮಾಡಿದ್ರೆ ನಡುವಿನ ರೂಮುಗಳು ಹಗಲೂ ಕತ್ತಲೆ ಆಗೋದು ಸಹಜ, ಟ್ಯೂಬ್‌ಲೈಟೇ ಗತಿ. ಇಲ್ಲಿ ನಡುವಿನ ರೂಮಿಗೂ ಆಕಾಶದ ಬೆಳಕು ಬರತ್ತೆ. ಶಿಲ್ಪ ಮಾಡೋರಿಗೆ ಇದೆಷ್ಟು ದೊಡ್ಡ ವಿಷಯ ಅಂತ ನಾನು ಹೇಳ್ತೀನಿ ಕೇಳಿ, ಟ್ಯೂಬ್‌ಲೈಟ್ ಕೆಳಗೆ ತಿದ್ದಿದ ಮುಖ ಹೊರಗೆ ತಂದು ಇಟ್ಟಾಗ ಬೇರೆ ಯಾರದ್ದೋ ಮುಖ ಆಗಿರತ್ತೆ, ನೆರಳು ಬೀಳೋ ರೀತಿ ಬದಲಾದ್ರೆ ಮೂಗು, ಕೆನ್ನೆ ಎಲ್ಲಾ ಬದಲಾಗತ್ತೆ.

ಆ ಏಳರಲ್ಲಿ ನಡುವೆ ಇರೋ ದೊಡ್ಡದ್ರಲ್ಲಿ ಮೆಟ್ಟಿಲಿದೆ. ಇಡೀ ಕಟ್ಟಡದ ಬಗ್ಗೆ ಒಂದೇ ಒಂದು ವಿಷಯ ಹೇಳು ಅಂದ್ರೆ ನಾನು ಈ ಮೆಟ್ಟಿಲ ಬಗ್ಗೇನೇ ಹೇಳೋದು.

ಸಾಮಾನ್ಯವಾಗಿ ಯೂನಿವರ್ಸಿಟಿ ಕಟ್ಟಡದಲ್ಲಿ ಮೆಟ್ಟಿಲು ಅಂದ್ರೆ ಏನು? ಮೂಲೆಯಲ್ಲಿ ಒಂದು ಕತ್ತಲೆ ಗೂಡು, ಬೆಂಕಿ ಬಿದ್ರೆ ಓಡೋಕೆ ಅಂತ ಕಾನೂನಿಗಾಗಿ ಕಟ್ಟಿದ್ದು, ಮಿಕ್ಕವ್ರೆಲ್ಲಾ ಲಿಫ್ಟಿಗೆ. ಲಿಫ್ಟಲ್ಲಿ ಏನಾಗತ್ತೆ ಅಂದ್ರೆ ನಾಲ್ಕು ಜನ ಫೋನ್ ನೋಡ್ತಾ ನಿಂತಿರ್ತಾರೆ, ಬಾಗಿಲು ತೆರೆದ್ರೆ ನಿಮ್ಮ ಮಹಡಿ, ನಡುವಿನ ಎರಡು ಮಹಡಿಯಲ್ಲಿ ಯಾರಿದ್ರು ಏನು ಮಾಡ್ತಿದ್ರು ಒಂದೂ ಗೊತ್ತಾಗಲ್ಲ. ಇಲ್ಲಿ ಬಾಗಿಲು ದಾಟಿದ್ರೆ ಮೊದಲು ಕಾಣೋದೇ ಮೆಟ್ಟಿಲು, ಅಗಲವಾಗಿ, ಸುತ್ತಿಕೊಂಡು, ಬೆಳಕಲ್ಲಿ. ಕೆಲವು ಕಡೆ ಲ್ಯಾಂಡಿಂಗ್ (ಮೆಟ್ಟಿಲ ನಡುವಿನ ಸಮತಟ್ಟು ಜಾಗ) ಎಷ್ಟು ದೊಡ್ಡದಿದೆ ಅಂದ್ರೆ ಟೇಬಲ್ಲು ಕುರ್ಚಿ ಹಾಕಿದಾರೆ, ಇನ್ನು ಕೆಲವು ಕಡೆ ಮೆಟ್ಟಿಲು ನೇರ ಸೋಫಾ ಇರೋ ಒಂದು ಕೂರೋ ಜಾಗಕ್ಕೆ ಹೋಗಿ ಸೇರತ್ತೆ. ಹತ್ತೋರು ಇಳಿಯೋರು ಎದುರಾದ್ರೆ ಪಕ್ಕಕ್ಕೆ ನಿಂತು ಮಾತಾಡೋಕೆ ಜಾಗ ಇದೆ, ಯಾರಿಗೂ ಅಡ್ಡ ಆಗಲ್ಲ. ಜನ ಭೇಟಿಯಾಗ್ಲಿ, ಮಾತು ಹುಟ್ಟಲಿ ಅಂತಾನೇ ಮೆಟ್ಟಿಲನ್ನ ಹೀಗೆ ಮಾಡಿದ್ದು ಅಂತ ಆರ್ಕಿಟೆಕ್ಟೇ ಹೇಳಿದಾರೆ. ಇಂಥ ಮಾತನ್ನ ಎಲ್ಲಾ ಆರ್ಕಿಟೆಕ್ಟ್‌ಗಳೂ ಹೇಳ್ತಾರೆ ನಿಜ, ಆದ್ರೆ ಹೇಳಿದ ಮೇಲೆ ಅದಕ್ಕೆ ಚದರಡಿ ಕೊಡೋರು ಕಮ್ಮಿ. ಪ್ಲಾನ್ ಪಾಸ್ ಆಗೋ ಹೊತ್ತಿಗೆ "ಈ ಜಾಗದಲ್ಲಿ ಇನ್ನೆರಡು ಕ್ಲಾಸ್‌ರೂಮ್ ಬರತ್ತಲ್ಲಾ" ಅಂತ ಯಾರೋ ಒಬ್ರು ಹೇಳೇ ಹೇಳ್ತಾರೆ, ಲ್ಯಾಂಡಿಂಗ್ ಅಲ್ಲಿಗೆ ಸಣ್ಣ ಆಗ್ಬಿಡತ್ತೆ. ಇಲ್ಲಿ ಹಾಗಾಗದೇ ಇರೋದು ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟ ವಿಷಯ.

"ಆಂಟಿ, ನಾನು ಪ್ರಿಂಟಿನ ಮೊದಲ ಪ್ರೂಫ್ ತೆಗೆದ ತಕ್ಷಣ ಹಿಡ್ಕೊಂಡು ಮೆಟ್ಟಿಲ ಹತ್ರ ಬರ್ತೀನಿ, ಯಾರಾದ್ರೂ ಸಿಕ್ಕೇ ಸಿಗ್ತಾರೆ, ಏನಾದ್ರೂ ಹೇಳ್ತಾರೆ" ಅಂದ್ಲು ಫ್ರೆಂಡಿನ ಮಗಳು. ಒಂದ್ಸಲ ಹಾಗೆ ಹಿಡ್ಕೊಂಡು ನಿಂತಿದ್ದಾಗ ಸೆರಾಮಿಕ್ಸ್ ಓದೋ ಹುಡುಗ ಒಬ್ಬ ನೋಡಿ, ಈ ಗೆರೆಗಳನ್ನ ಹಸಿ ಮಣ್ಣಿನ ಮೇಲೆ ಒತ್ತಿದ್ರೆ ಹೇಗಿರತ್ತೆ ಅಂತ ಕೇಳಿದ್ನಂತೆ, ಇಬ್ರೂ ಸೇರಿ ಎಚಿಂಗ್ ಪ್ಲೇಟನ್ನೇ (ಆಸಿಡಿಂದ ಗೆರೆ ಕೊರೆದ ಲೋಹದ ತಗಡು) ತಗೊಂಡು ಹೋಗಿ ಮಣ್ಣಿನ ಹಾಳೆ ಮೇಲೆ ಒತ್ತಿ ಸುಟ್ರಂತೆ. ಮೊದಲಿನವು ಸೀಳು ಬಿಟ್ವು, ಆಮೇಲಿನವು ಚೆನ್ನಾಗಿ ಬಂದ್ವು, ನನಗೆ ತೋರಿಸಿದ್ಲು, ಗೆರೆ ಒಳಗೆ ಗ್ಲೇಜ್ ನಿಂತು ಎಷ್ಟು ಚೆಂದ ಕಾಣ್ತಿತ್ತು ಅಂದ್ರೆ ಬೆರಳಿಂದ ಸವರಬೇಕು ಅನ್ಸೋ ಹಾಗೆ. ಈ ಕೆಲಸಕ್ಕೆ ಯಾವ ಮೇಷ್ಟ್ರೂ ಪ್ರಾಜೆಕ್ಟ್ ಕೊಟ್ಟಿರಲಿಲ್ಲ, ಯಾವ ಕಮಿಟಿಯೂ ಕೂತಿರಲಿಲ್ಲ. ಇಬ್ರು ಒಂದೇ ಮೆಟ್ಟಿಲಲ್ಲಿ ಓಡಾಡ್ತಿದ್ರು ಅಷ್ಟೇ.

ಮೆಟ್ಟಿಲಾದ ಮೇಲೆ ಗಾಜು. ಓಡಾಡೋ ಪ್ಯಾಸೇಜಿನ ಪಕ್ಕದ ಸ್ಟುಡಿಯೋ ಗೋಡೆಗಳು ಬಹಳ ಕಡೆ ಗಾಜಿನವು, ಒಳಗೆ ನಡೀತಿರೋ ಅರ್ಧ ಆಗಿರೋ ಕೆಲಸ ಎಲ್ಲಾ ಹೊರಗಿನವ್ರಿಗೆ ಕಾಣತ್ತೆ. ಅರ್ಧ ಆಗಿರೋದು ಅನ್ನೋದು ಇಲ್ಲಿ ಮುಖ್ಯ. ಮುಗಿದ ಕೆಲಸ ಗ್ಯಾಲರೀಲಿ ಫ್ರೇಮ್ ಹಾಕಿ ನೋಡ್ತೀವಿ, ಆಗ ಅದನ್ನ ಹೊಗಳಬೋದು ಇಲ್ಲ ತೆಗಳಬೋದು, ಜೊತೆಗೆ ಸೇರಿ ಏನೂ ಮಾಡಕ್ಕಾಗಲ್ಲ. ಅರ್ಧದಲ್ಲಿ ನೋಡಿದ್ರೆ ಮಾತ್ರ "ಇದಕ್ಕೆ ನನ್ನ ಹತ್ರ ಒಂದು ಉಪಾಯ ಇದೆ" ಅಂತ ಹೇಳೋಕೆ ಜಾಗ ಇರತ್ತೆ.

ನಾನು ಓದಿದ ಕಾಲೇಜಲ್ಲಿ (ಹೆಸರು ಬೇಡ) ಶಿಲ್ಪ ವಿಭಾಗ ಹಿಂದುಗಡೆ ಶೀಟಿನ ಶೆಡ್ಡಲ್ಲಿತ್ತು, ಪೇಂಟಿಂಗ್ ಮುಂದಿನ ಕಟ್ಟಡದ ಮೇಲಿನ ಮಹಡಿ, ಗ್ರಾಫಿಕ್ಸು ಅದರ ಕೆಳಗೆ, ಬಾಗಿಲು ಯಾವಾಗ್ಲೂ ಮುಚ್ಚಿರ್ತಿತ್ತು. ನನಗೆ ಎಚಿಂಗ್ ಹೇಗೆ ಮಾಡ್ತಾರೆ ಅಂತ ಕಣ್ಣಾರೆ ನೋಡೋಕೆ ಸಿಕ್ಕಿದ್ದು ಕೊನೇ ವರ್ಷದಲ್ಲಿ, ಅದೂ ಒಬ್ಬ ಸೀನಿಯರ್ ಅಕ್ಕ "ಬಾರೇ ಒಳಗೆ" ಅಂತ ಕೈ ಹಿಡಿದು ಎಳ್ಕೊಂಡು ಹೋದ್ರಿಂದ. ಮೇಷ್ಟ್ರುಗಳು ಒಳ್ಳೆಯವ್ರೇ, ಕಲಿಸೋ ಆಸೆ ಇದ್ದವ್ರೇ, ಆದ್ರೆ ಕಟ್ಟಡದಲ್ಲಿ ಒಬ್ಬರು ಇನ್ನೊಬ್ಬರ ಜಾಗಕ್ಕೆ ಹೋಗೋಕೆ ಕಾರಣ ಬೇಕಿತ್ತು. ಕಾರಣ ಇಲ್ಲದೇ ಹೋಗೋ ಹಾಗಿರಲಿಲ್ಲ. ಅಯೋವಾದಲ್ಲಿ ಕಾರಣ ಬೇಡ, ನೀರು ಕುಡಿಯೋಕೆ ಹೊರಟ್ರೂ ಮೂರು ವಿಭಾಗದ ಕೆಲಸ ನೋಡ್ಕೊಂಡೇ ಹೋಗ್ತೀರ. ನನಗೆ ಆ ಪ್ಯಾಸೇಜಲ್ಲಿ ನಿಂತಾಗ ಹೊಟ್ಟೇಲಿ ಒಂಥರಾ ಸಂಕಟ ಆಯ್ತು, ನಮ್ಮ ಬ್ಯಾಚಿನವ್ರಿಗೆಲ್ಲಾ ಇದು ಸಿಗಬೇಕಿತ್ತು ಅಂತ.

ಕಟ್ಟಿದ ರೀತಿ ಬಗ್ಗೆ ಸ್ವಲ್ಪ ಹೇಳ್ಬೇಕು, ಯಾಕಂದ್ರೆ ಇದಕ್ಕೂ ಮೇಲೆ ಹೇಳಿದ್ದಕ್ಕೂ ಸಂಬಂಧ ಇದೆ. ಕಾಂಕ್ರೀಟ್ ಸ್ಲ್ಯಾಬಿನ ಹೊಟ್ಟೆ ಒಳಗೆ ಟೊಳ್ಳು ಪ್ಲಾಸ್ಟಿಕ್ ಚೆಂಡುಗಳನ್ನ ಸಾಲಾಗಿ ಕೂರಿಸಿ ಮೇಲೆ ಕಾಂಕ್ರೀಟ್ ಹಾಕಿದಾರೆ, ಬಬಲ್ ಡೆಕ್ ಅಂತಾರೆ ಇದನ್ನ. ಸ್ಲ್ಯಾಬಲ್ಲಿ ಭಾರ ಹೊರೋ ಕೆಲಸ ಮಾಡದೇ ಇರೋ ಕಾಂಕ್ರೀಟಿನ ಜಾಗದಲ್ಲಿ ಚೆಂಡು ಕೂರೋದ್ರಿಂದ ಸ್ಲ್ಯಾಬು ಹಗುರ ಆಗತ್ತೆ, ಕಂಬಗಳ ನಡುವೆ ದೂರ ಜಾಸ್ತಿ ಬಿಡಬೋದು, ದೊಡ್ಡ ದೊಡ್ಡ ಸ್ಟುಡಿಯೋ ಕಂಬದ ಕಾಟ ಇಲ್ಲದೇ ಸಿಗತ್ತೆ. ಅದೇ ಸ್ಲ್ಯಾಬೊಳಗೆ ನೀರಿನ ಪೈಪು ಓಡ್ಸಿದಾರೆ, ಚಳಿಗಾಲದಲ್ಲಿ ಬಿಸಿ ನೀರು, ಬೇಸಿಗೆಯಲ್ಲಿ ತಣ್ಣೀರು, ಕಾಂಕ್ರೀಟೇ ಕೋಣೆಯನ್ನ ಬೆಚ್ಚಗೆ ತಣ್ಣಗೆ ಇಡತ್ತೆ. ಹಾಗಾಗಿ ದಪ್ಪ ದಪ್ಪ ಎಸಿ ಡಕ್ಟುಗಳೂ ಅದನ್ನ ಮುಚ್ಚೋ ಫಾಲ್ಸ್ ಸೀಲಿಂಗೂ ಅಷ್ಟಾಗಿ ಬೇಕಾಗಿಲ್ಲ, ತಲೆ ಮೇಲೆ ಬರೀ ಕಾಂಕ್ರೀಟು, ಕಿಟಕಿ ತೆರೆಯೋ ಹಾಗಿವೆ. ಈ ಬರೀ ಕಾಂಕ್ರೀಟ್ ಬೋಳು ಬೋಳು ಅಂತ ಕೆಲವ್ರಿಗೆ ಅನ್ನಿಸಬೋದು. ಆದ್ರೆ ಮಣ್ಣು, ಬಣ್ಣ, ಆಸಿಡ್, ಲೋಹ ಇಟ್ಕೊಂಡು ಕೆಲಸ ಮಾಡೋರಿಗೆ ಪಾಲಿಶ್ ಮಾಡಿದ ಗ್ರಾನೈಟು, ಮರದ ಪ್ಯಾನಲಿಂಗು ಕೊಟ್ರೆ ಅವ್ರು ಹೆದರಿ ಹೆದರಿ ಕೆಲಸ ಮಾಡ್ತಾರೆ, ಕಲೆ ಆದ್ರೆ ಯಾರು ಬೈತಾರೋ ಅಂತ. ಹಾಳಾಗೋ ಭಯ ಇಲ್ಲದ ನೆಲ ಕೊಡೋದು ಕಲಿಯೋರಿಗೆ ಮಾಡೋ ದೊಡ್ಡ ಉಪಕಾರ.

ಇನ್ನು ನನಗೆ ಪ್ರಶ್ನೆ ಉಳಿದಿರೋ ವಿಷಯಗಳು. ಮಧ್ಯದಲ್ಲಿ ನಾಲ್ಕು ಮಹಡಿ ತೆರೆದಿಟ್ಟು ಸುತ್ತ ಕಾಂಕ್ರೀಟ್ ಇದ್ರೆ ಶಬ್ದ ಓಡಾಡತ್ತೆ, ಅದು ಭೌತಶಾಸ್ತ್ರ, ಯಾರೇ ಕಟ್ಟಿದ್ರೂ ಅಷ್ಟೇ. ನಗು, ಚರ್ಚೆ ಕೇಳಿಸಿದ್ರೆ ಚೆನ್ನ, ವಿಡಿಯೋ ಎಡಿಟ್ ಮಾಡೋರಿಗೆ ಗ್ರೈಂಡರ್ ಸದ್ದು ಬೇಡ. ಗಾಜಿನ ವಿಷಯದಲ್ಲೂ ಹಾಗೇ, ಎಲ್ಲರೂ ಎಲ್ಲಾ ದಿನವೂ ಕಾಣಿಸಿಕೊಳ್ಳೋ ಮನಸ್ಥಿತೀಲಿ ಇರಲ್ಲ. ಮೊದಲ ವರ್ಷದ ಮಕ್ಕಳಿಗೆ, ಕೈ ಇನ್ನೂ ನಡುಗ್ತಿರತ್ತೆ, ಅಂಥವ್ರಿಗೆ ಗಾಜಿನಾಚೆ ಹತ್ತು ಜನ ಓಡಾಡ್ತಿದ್ರೆ ಕೆಲಸ ಕಟ್ಟಿಹಾಕಿದ ಹಾಗಾಗತ್ತೆ. ಒಟ್ಟಿಗೆ ಕೆಲಸ ಮಾಡೋದಕ್ಕೆ ಎಷ್ಟು ಜಾಗ ಕೊಡ್ತೀವೋ ಒಬ್ಬರೇ ಕೂತು ಕೆಡಿಸಿ ಕಲಿಯೋದಕ್ಕೂ ಅಷ್ಟೇ ಜಾಗ ಕೊಡ್ಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ. ಇಲ್ಲಿ ಎಂಎಫ್ಎ ಮಾಡೋರಿಗೆ ಅವ್ರವ್ರದ್ದೇ ಸ್ಟುಡಿಯೋ ಇರೋದ್ರಿಂದ ಆ ತೂಕ ಸ್ವಲ್ಪ ಸರಿ ಹೋಗಿದೆ, ಮೊದಲ ವರ್ಷದವ್ರಿಗೂ ಮರೆ ಇರೋ ಮೂಲೆಗಳು ಇನ್ನಷ್ಟು ಇರಬೋದಿತ್ತು. ಬಾಲ್ಕನಿಗಳ ಬಗ್ಗೆ ಹೇಳೋದಾದ್ರೆ, ಅಯೋವಾದಲ್ಲಿ ಜನವರಿಯ ಗಾಳಿ ಗೊತ್ತಿದ್ದವ್ರಿಗೆ ಗೊತ್ತು, ವರ್ಷದಲ್ಲಿ ಅರ್ಧಕ್ಕರ್ಧ ತಿಂಗಳು ಹೊರಗೆ ಕೂತು ಡ್ರಾಯಿಂಗ್ ಮಾಡೋ ಮಾತೇ ಇಲ್ಲ.

ಆದ್ರೆ ಇದೇ ಬಾಲ್ಕನಿ ನಮ್ಮೂರಲ್ಲಿದ್ರೆ? ಮೈಸೂರಲ್ಲೋ ಧಾರವಾಡದಲ್ಲೋ ವರ್ಷದ ಬಹುಪಾಲು ದಿನ ನೆರಳಿರೋ ಜಗಲಿಯಲ್ಲಿ ಕೂತು ಕೆಲಸ ಮಾಡಬೋದು. ಎಸಿ ಬೇಡ, ಬಬಲ್ ಡೆಕ್ ಬೇಡ, ಸತುವಿನ ಹಾಳೆ ಬೇಡ. ನಮ್ಮ ಯೂನಿವರ್ಸಿಟಿಗಳಲ್ಲಿ ಹೊಸ ಕಲಾ ಕಟ್ಟಡ ಕಟ್ಟೋರು ಇದನ್ನ ಓದ್ತಿದ್ರೆ ನನ್ನ ಕೋರಿಕೆ ಇಷ್ಟೇ, ಕಾರಿಡಾರನ್ನ ಹತ್ತಡಿಗಿಂತ ಅಗಲ ಮಾಡಿ, ಅದರ ಗೋಡೆಗೆ ಪಿನ್ ಚುಚ್ಚೋ ಹಾಗೆ ಸಾಫ್ಟ್ ಬೋರ್ಡ್ ಹಾಕಿ, ಪ್ರತಿ ಲ್ಯಾಂಡಿಂಗಲ್ಲಿ ಒಂದು ಕಲ್ಲುಬೆಂಚು, ಒಂದು ಪ್ಲಗ್ ಪಾಯಿಂಟು, ಕೈ ತೊಳೆಯೋ ದೊಡ್ಡ ತೊಟ್ಟಿಯನ್ನ ರೂಮಿನೊಳಗಿಡದೇ ಎರಡು ವಿಭಾಗಕ್ಕೂ ಸೇರಿ ಹೊರಗಿಡಿ. ಕೈ ತೊಳೆಯೋ ಜಾಗದಲ್ಲಿ ಆಗೋ ಮಾತುಕತೆ ಸೆಮಿನಾರ್ ಹಾಲಲ್ಲಿ ಆಗಲ್ಲ. ಇದು ಹೊರದೇಶದ ವಿದ್ಯೆ ಅಂತ ಅನ್ಕೋಬೇಕಾಗಿಲ್ಲ, ಬನ್ನೇರುಘಟ್ಟ ರಸ್ತೆಯ ಐಐಎಂ ಒಳಗೆ ಹೋಗಿದ್ದವ್ರಿಗೆ ಗೊತ್ತಿರತ್ತೆ, ಆರ್ಕಿಟೆಕ್ಟ್ ಬಿ.ವಿ. ದೋಶಿ ಅಲ್ಲಿ ಕಲ್ಲಿನ ಅಗಲ ಓಣಿಗಳನ್ನ ಬಿಟ್ಟು ಮೇಲೆ ಬಳ್ಳಿ, ಪಕ್ಕದಲ್ಲಿ ಅಂಗಳ ಇಟ್ಟಿದ್ದು ಪಾಠ ಕ್ಲಾಸಿನ ಹೊರಗೂ ನಡೀಲಿ ಅಂತಾನೇ.

ಈ ಯೋಚನೆಗೆ ಅಮೆರಿಕದಲ್ಲೂ ಹಳೇ ದಾರಿ ಇದೆ. ಹಾರ್ವರ್ಡಲ್ಲಿ ಆರ್ಕಿಟೆಕ್ಟ್ ಲ ಕಾರ್ಬೂಸಿಯೇ ಕಟ್ಟಿದ ಕಲಾ ಕಟ್ಟಡ ಕಾರ್ಪೆಂಟರ್ ಸೆಂಟರ್, 1963ರದ್ದು, ಅದರ ನಡುವೆ ಒಂದು ರ‍್ಯಾಂಪ್ ತೂರ್ಕೊಂಡು ಹೋಗತ್ತೆ, ಬೀದೀಲಿ ಹೋಗೋರು ಆ ರ‍್ಯಾಂಪ್ ಹತ್ತಿ ಸ್ಟುಡಿಯೋಗಳನ್ನ ನೋಡ್ತಾ ಆಚೆ ಬೀದಿಗೆ ಇಳೀಬೋದು. ಬ್ರೌನ್ ಯೂನಿವರ್ಸಿಟಿಯ ಕಲಾ ಕಟ್ಟಡ ಗ್ರ್ಯಾನಾಫ್ ಸೆಂಟರ್ 2011ರದ್ದು, ಅದನ್ನ ನಡುವೆ ಸೀಳಿ ಒಂದು ಅರ್ಧವನ್ನ ಇನ್ನೊಂದಕ್ಕಿಂತ ಅರ್ಧ ಮಹಡಿ ಕೆಳಗಿಟ್ಟು ನಡುವೆ ಗಾಜು ಹಾಕಿದಾರೆ, ಒಂದು ರೂಮಲ್ಲಿ ನಿಂತವ್ರಿಗೆ ಎದುರಿನ ಎರಡು ಮಹಡಿಗಳು ಒಟ್ಟಿಗೆ ಕಾಣ್ತವೆ. ಎರಡೂ ಜಾಣ ಕಟ್ಟಡಗಳು. ಆದ್ರೆ ರ‍್ಯಾಂಪಲ್ಲಿ ಹೋಗೋರು ನೋಡಿ ಹೋಗ್ತಾರೆ, ಗಾಜಿನಾಚೆ ಇರೋರು ನೋಡ್ತಾ ನಿಲ್ತಾರೆ. ಅಯೋವಾದಲ್ಲಿ ನೋಡಿದ ಮೇಲೆ ಹತ್ರ ಹೋಗಿ ಮುಟ್ಟೋ ದಾರಿನೂ ಇದೆ, ಹಾಗಾಗಿ ಮೂರರಲ್ಲಿ ನನಗೆ ಇದೇ ಮೇಲು.

ರಸ್ತೆ ಪಕ್ಕದಲ್ಲೇ ಸ್ಟೀವನ್ ಹೋಲ್‌ದೇ ಇನ್ನೊಂದು ಕಟ್ಟಡ ಇದೆ, ಆರ್ಟ್ ಬಿಲ್ಡಿಂಗ್ ವೆಸ್ಟ್, 2006ರದ್ದು. ತುಕ್ಕು ಹಿಡಿದ ಕೆಂಪು ಸ್ಟೀಲಿಂದ ಕಟ್ಟಿದ್ದು, ಹಳೇ ಸುಣ್ಣಕಲ್ಲಿನ ಕ್ವಾರಿಯ ಕೊಳದ ಮೇಲೆ ಲೈಬ್ರರಿ ಚಾಚ್ಕೊಂಡಿದೆ. ಪಿಕಾಸೋ 1912ರಲ್ಲಿ ಮಾಡಿದ ಗಿಟಾರ್ ಶಿಲ್ಪದ ಮಡಿಕೆಗಳು ಇದರ ಡಿಸೈನಿಗೆ ಸ್ಫೂರ್ತಿ. ಹಳೇದು ಅಡ್ಡಡ್ಡಲಾಗಿ ಹರಡ್ಕೊಂಡು ಹೊರಗಿನ ಕೊಳ, ಬಂಡೆಗೆ ತೆರೆದಿದೆ, ಹೊಸದು ಮೇಲಿಂದ ಕೆಳಗೆ ತೆರೆದಿದೆ, ಎರಡನ್ನೂ ಒಂದರ ಹಿಂದೆ ಒಂದು ನೋಡಿದ್ರೆ ಹತ್ತು ವರ್ಷದಲ್ಲಿ ಒಬ್ಬ ಆರ್ಕಿಟೆಕ್ಟ್ ಅದೇ ಊರಿಗೆ, ಅದೇ ಮಕ್ಕಳಿಗೆ ಮತ್ತೆ ಯೋಚನೆ ಮಾಡಿದ್ದು ಕಾಣತ್ತೆ. ಹೊರಗಿಂದ ನನಗೆ ಹಳೇದೇ ಇಷ್ಟ, ಆ ಕೆಂಪು ನೀರಲ್ಲಿ ಬೀಳೋದು ಬಹಳ ಚೆಂದ. ಕೆಲಸ ಮಾಡೋಕೆ ಜಾಗ ಕೊಡ್ತೀವಿ ಅಂದ್ರೆ ಹೊಸದು. ಕಲಾ ಇತಿಹಾಸ, ಲೈಬ್ರರಿ ಹಳೇದ್ರಲ್ಲಿ, ಕೈಕೆಲಸದ ಸ್ಟುಡಿಯೋಗಳು ಹೊಸದ್ರಲ್ಲಿ ಇರೋದ್ರಿಂದ ಓದೋರಿಗೂ ಮಾಡೋರಿಗೂ ನಡುವೆ ಹೊರಗಿನ ಚಳಿ ಇದೆ, ಇದೊಂದು ಒಂದೇ ಸೂರಿನಡಿ ಬಂದಿದ್ರೆ ಇನ್ನೂ ಚೆನ್ನಾಗಿರ್ತಿತ್ತು.

ಹೋಗೋರಿಗೆ: ಸೆಮಿಸ್ಟರ್ ನಡೀತಿರೋವಾಗ ವಾರದ ದಿನ ಹೋಗಿ, ರಜೆಯಲ್ಲಿ ಹೋದ್ರೆ ಖಾಲಿ ಕಾಂಕ್ರೀಟ್ ನೋಡಿ ಬರ್ತೀರ, ಈ ಕಟ್ಟಡದ ಅರ್ಥ ಜನ ಇದ್ದಾಗಲೇ. ಏಪ್ರಿಲ್ ಕೊನೆ ಅಥವಾ ಸೆಪ್ಟೆಂಬರ್ ಒಳ್ಳೇದು, ಬಾಲ್ಕನೀಲಿ ಜನ ಇರ್ತಾರೆ. ಮಧ್ಯಾಹ್ನ ಮೂರು ಗಂಟೆ ಸುಮಾರಿಗೆ ಹೋಗಿ ಕತ್ತಲಾಗೋ ತನಕ ಇದ್ರೆ ಒಳಗಿನ ಬೆಳಕು, ಹೊರಗಿನ ಸ್ಟೀಲ್ ಹಾಳೆ ಎರಡೂ ನೋಡಬೋದು. ಸ್ಟುಡಿಯೋ ಒಳಗೆ ಹೋಗ್ಬೇಕಾದ್ರೆ ಅಲ್ಲಿರೋರನ್ನ ಕೇಳಿ ಹೋಗಿ, ಪ್ಯಾಸೇಜಿಂದ ನೋಡೋಕೆ ಯಾರೂ ಏನೂ ಅನ್ನಲ್ಲ. ಮಕ್ಕಳನ್ನ ಕರ್ಕೊಂಡು ಹೋದ್ರೆ ಕಿಲ್ನ್ ಇರೋ ಕಡೆ ಹುಷಾರು. ಲಿಫ್ಟು ಇದೆ, ಮಂಡಿ ನೋವಿರೋ ದೊಡ್ಡವ್ರಿಗೆ ಅದು ಬೇಕೇ ಬೇಕು, ಮಿಕ್ಕವ್ರು ದಯವಿಟ್ಟು ಮೆಟ್ಟಿಲೇ ಹತ್ತಿ.

ಟೈಮ್ ಉಳಿದ್ರೆ ನದಿ ದಾಟಿ ಯೂನಿವರ್ಸಿಟಿಯದೇ ಸ್ಟ್ಯಾನ್ಲಿ ಮ್ಯೂಸಿಯಂಗೂ ಹೋಗಿ, ಟಿಕೆಟ್ ಇಲ್ಲ. ಅಮೆರಿಕದ ಚಿತ್ರಕಾರ ಜಾಕ್ಸನ್ ಪೊಲಾಕ್ 1943ರಲ್ಲಿ ಮಾಡಿದ ಇಪ್ಪತ್ತಡಿ ಅಗಲದ ಮ್ಯೂರಲ್ ಅನ್ನೋ ಚಿತ್ರ ಅಲ್ಲಿದೆ, ಕಲಾಸಂಗ್ರಾಹಕಿ ಪೆಗಿ ಗುಗೆನ್‌ಹೈಮ್ ಅದನ್ನ 1951ರಲ್ಲಿ ಈ ಯೂನಿವರ್ಸಿಟಿಗೆ ಕೊಟ್ರು. ಮೊದಲು ಅದನ್ನ ತೂಗುಹಾಕಿದ್ದು 1936ರ ಹಳೇ ಆರ್ಟ್ ಬಿಲ್ಡಿಂಗಿನ ಸ್ಟುಡಿಯೋ ಒಂದರಲ್ಲಿ, ಹುಡುಗ್ರು ಅದರ ಎದುರಲ್ಲೇ ನಿಂತು ತಮ್ಮ ಪೇಂಟಿಂಗ್ ಮಾಡ್ತಿದ್ರು. 2008ರ ಪ್ರವಾಹದಲ್ಲಿ ಊರು ಬಿಟ್ಟ ಆ ಚಿತ್ರ ಎಷ್ಟೋ ಊರು ಸುತ್ತಿ 2022ರಲ್ಲಿ ಹೊಸ ಮ್ಯೂಸಿಯಂ ಓಪನ್ ಆದಾಗ ವಾಪಸ್ ಬಂತು, ಆ ಮ್ಯೂಸಿಯಂ ಡಿಸೈನ್ ಮಾಡಿದ್ದೂ ಬಿಎನ್‌ಐಎಂನೋರೇ.